ಜೇಮ್ಸ್ ವಾರ್ಡ್ರಾಪ್

ಜೇಮ್ಸ್ ವಾರ್ಡ್ರಾಪ್ (೧೪ ಆಗಸ್ಟ್ ೧೭೮೨ – ೧೩ ಫೆಬ್ರವರಿ ೧೮೬೯) ಸ್ಕಾಟ್ಲೆಂಡಿನ ಶಸ್ತ್ರವೈದ್ಯರು ಹಾಗೂ ನೇತ್ರತಜ್ಞರು. ಎಳೆಯ ಮಕ್ಕಳ ಕಣ್ಣಿನೊಳಗೆ ಹುಟ್ಟುವ ಕ್ಯಾನ್ಸರು ಒಂದು ಪ್ರತ್ಯೇಕ ರೋಗವೆಂದೂ, ಅದರ ಮೂಲ ಕಣ್ಣಿನ ಒಳಪದರವಾದ ಅಕ್ಷಿಪಟಲದಲ್ಲಿ (ರೆಟಿನಾ) ಇದೆಯೆಂದೂ ೧೮೦೯ರಲ್ಲಿ ಸ್ಪಷ್ಟವಾಗಿ ನಿರೂಪಿಸಿದ ಕೀರ್ತಿ ಇವರದು. ಆ ರೋಗವನ್ನು ಇಂದು ರೆಟಿನೋಬ್ಲಾಸ್ಟೋಮಾ ಎಂದು ಕರೆಯುತ್ತಾರೆ. ರೋಗವು ಕಣ್ಣುಗುಡ್ಡೆಯ ಒಳಗೇ ಇರುವಾಗ ಆ ಕಣ್ಣನ್ನು ತೆಗೆದುಬಿಟ್ಟರೆ ಮಗುವಿನ ಪ್ರಾಣವನ್ನು ಉಳಿಸಬಹುದೆಂದು ಅವರು ಪ್ರತಿಪಾದಿಸಿದರು. ಅರಿವಳಿಕೆಯಾಗಲಿ, ಕಣ್ಣಿನ ಒಳಭಾಗವನ್ನು ನೋಡುವ ಉಪಕರಣವಾಗಲಿ ಇಲ್ಲದಿದ್ದ ಅಂದಿನ ದಿನಗಳಲ್ಲಿ ಈ ಸಲಹೆಗೆ ಸುಲಭವಾಗಿ ಮನ್ನಣೆ ದೊರೆಯಲಿಲ್ಲ. ಮುಂದಿನ ಪೀಳಿಗೆಗಳ ಅನುಭವವು ಅವರ ಮಾತು ಸರಿಯೆಂದು ತೋರಿಸಿತು. ಕಾರ್ನಿಯಾದ ಉರಿಯೂತಕ್ಕೆ ಇಂದಿಗೂ ಬಳಕೆಯಲ್ಲಿರುವ ಕೆರಟೈಟಿಸ್ ಎಂಬ ಹೆಸರನ್ನು ಕೊಟ್ಟವರೂ ಇವರೇ.

ಜನನ ಮತ್ತು ವಿದ್ಯಾಭ್ಯಾಸ

ವಾರ್ಡ್ರಾಪ್ ಅವರು ಸ್ಕಾಟ್ಲೆಂಡಿನ ಬಾತ್‌ಗೇಟ್ ಪಟ್ಟಣದ ಸಮೀಪದಲ್ಲಿರುವ ಟಾರ್ಬೇನ್ ಹಿಲ್ ಎಂಬಲ್ಲಿ ಜನಿಸಿದರು. ತಂದೆಯ ಹೆಸರೂ ಜೇಮ್ಸ್ ವಾರ್ಡ್ರಾಪ್, ತಾಯಿ ಮಾರ್ಜರಿ. ಮಕ್ಕಳಲ್ಲಿ ಇವರೇ ಕಿರಿಯರು. ಇವರ ಬಾಲ್ಯದಲ್ಲಿಯೇ ಕುಟುಂಬವು ಎಡಿನ್‌ಬರೋ ನಗರಕ್ಕೆ ಬಂದು ನೆಲೆಸಿತು. ಅಲ್ಲಿನ ಹೈಸ್ಕೂಲಿನಲ್ಲಿ ಇವರ ಶಿಕ್ಷಣ ನಡೆಯಿತು.

ಆ ಕಾಲದಲ್ಲಿ ಶಸ್ತ್ರವೈದ್ಯನಾಗಬೇಕೆಂಬ ಹುಡುಗನು ಹಿರಿಯ ವೈದ್ಯರೊಬ್ಬರ ಬಳಿ ಕೆಲವು ವರ್ಷ ಶಿಷ್ಯವೃತ್ತಿ ಮಾಡುವುದು ರೂಢಿ. ವಾರ್ಡ್ರಾಪ್ ತಮ್ಮ ಹದಿಹರೆಯದಲ್ಲಿ ಎಡಿನ್‌ಬರೋದ ಶಸ್ತ್ರವೈದ್ಯರಾಗಿದ್ದ ಬಂಧು ಆಂಡ್ರ್ಯೂ ವಾರ್ಡ್ರಾಪ್ ಅವರ ಬಳಿ ಕೆಲಸ ಕಲಿಯತೊಡಗಿದರು. ಅಂಗರಚನಾಶಾಸ್ತ್ರಜ್ಞ ಜಾನ್ ಬಾರ್ಕ್ಲೇ ಅವರಿಗೆ ನೆರವಾಗುತ್ತ ಶವಚ್ಛೇದನದಲ್ಲಿ ನುರಿತರು. ಇಪ್ಪತ್ತು ತುಂಬುವ ಮೊದಲೇ ಎಡಿನ್‌ಬರೋದ ರಾಯಲ್ ಇನ್‌ಫರ್ಮರಿ ಆಸ್ಪತ್ರೆಯಲ್ಲಿ ನಿವಾಸಿ ಶಸ್ತ್ರವೈದ್ಯರ ಹುದ್ದೆ ದೊರೆಯಿತು. ೧೮೦೧ರಲ್ಲಿ ಲಂಡನ್ನಿಗೆ ಹೋಗಿ ಅಬರ್ನೆತಿ, ಕ್ಲೈನ್, ಆಸ್ಟ್ಲಿ ಕೂಪರ್ ಮೊದಲಾದ ಪ್ರಸಿದ್ಧರ ಉಪನ್ಯಾಸಗಳನ್ನು ಕೇಳಿದರು.

ಪ್ಯಾರಿಸ್ ಮತ್ತು ವಿಯೆನ್ನಾ

೧೮೦೩ರಲ್ಲಿ ಹೆಚ್ಚಿನ ಅಧ್ಯಯನಕ್ಕಾಗಿ ವಾರ್ಡ್ರಾಪ್ ಪ್ಯಾರಿಸ್ಸಿಗೆ ತೆರಳಿದರು. ಅದೇ ವರ್ಷದ ಮೇ ತಿಂಗಳಲ್ಲಿ ಬ್ರಿಟನ್ನಿಗೂ ಫ್ರಾನ್ಸಿಗೂ ಮತ್ತೆ ಯುದ್ಧ ಆರಂಭವಾಯಿತು. ಫ್ರಾನ್ಸಿನಲ್ಲಿದ್ದ ಬ್ರಿಟಿಷ್ ಗಂಡಸರನ್ನೆಲ್ಲ ಬಂಧನದಲ್ಲಿಡಲು ನೆಪೋಲಿಯನ್ ಆಜ್ಞೆ ಹೊರಡಿಸಿದನು. ವಾರ್ಡ್ರಾಪ್ ಹೇಗೋ ತಪ್ಪಿಸಿಕೊಂಡು ವಿಯೆನ್ನಾ ನಗರವನ್ನು ಸೇರಿದರು.

ಆಕಸ್ಮಿಕವಾದ ಈ ಪ್ರಯಾಣವು ಅವರ ಜೀವನದ ದಿಕ್ಕನ್ನು ನಿರ್ಧರಿಸಿತು. ವಿಯೆನ್ನಾದಲ್ಲಿ ಗೇಯಾರ್ಗ್ ಯೋಸೆಫ್ ಬೇರ್ (೧೭೬೩–೧೮೨೧) ಎಂಬ ನೇತ್ರವೈದ್ಯರು ಕಣ್ಣಿನ ರೋಗಗಳಿಗೆಂದೇ ಚಿಕಿತ್ಸಾಲಯ ನಡೆಸುತ್ತಿದ್ದರು. ಯುರೋಪಿನ ಹಲವೆಡೆ ಕಣ್ಣಿನ ಪೊರೆ ತೆಗೆಯುವ ಕೆಲಸವು ಅಂದು ಊರೂರು ಅಲೆಯುವ ಅರೆವೈದ್ಯರ ಪಾಲಾಗಿತ್ತು. ಅದನ್ನು ಕ್ರಮಬದ್ಧವಾದ ವಿದ್ಯೆಯನ್ನಾಗಿ ಬೆಳೆಸಿದವರಲ್ಲಿ ಬೇರ್ ಪ್ರಮುಖರು. ಅವರ ಸಹವಾಸದಿಂದ ವಾರ್ಡ್ರಾಪ್ ಅವರಿಗೆ ನೇತ್ರಚಿಕಿತ್ಸೆಯಲ್ಲಿ ಆಸಕ್ತಿ ಹುಟ್ಟಿತು. ಮಕ್ಕಳ ಕಣ್ಣಿನ ಪಾಪೆಯೊಳಗೆ ಕತ್ತಲಲ್ಲಿ ಬೆಕ್ಕಿನ ಕಣ್ಣು ಮಿನುಗಿದಂತೆ ಕಾಣುವ ಬಿಳುಪಿಗೆ, ದೃಷ್ಟಿಯಿಲ್ಲದ ಬೆಕ್ಕಿನ ಕಣ್ಣು ಎಂಬ ಅರ್ಥದ ಜರ್ಮನ್ ಹೆಸರನ್ನು ಮುಂದೆ ರೂಢಿಗೆ ತಂದವರೂ ಇದೇ ಬೇರ್.

ಎಡಿನ್‌ಬರೋದಲ್ಲಿ ವೃತ್ತಿ

ಸ್ವದೇಶಕ್ಕೆ ಮರಳಿದ ವಾರ್ಡ್ರಾಪ್ ೧೮೦೪ರಲ್ಲಿ ಎಡಿನ್‌ಬರೋದ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಸಂಸ್ಥೆಯ ಸದಸ್ಯತ್ವ ಪಡೆದು ವೃತ್ತಿಯನ್ನು ಆರಂಭಿಸಿದರು. ರೋಗಪೀಡಿತ ಅಂಗಗಳನ್ನು ಸಂಗ್ರಹಿಸಿ, ಕೊಯ್ದು ನೋಡಿ, ಅವುಗಳ ಚಿತ್ರ ಬರೆಸುವುದು ಅವರ ಅಧ್ಯಯನದ ಮುಖ್ಯ ಭಾಗವಾಗಿತ್ತು. ಇದರ ಫಲವಾಗಿ ಮಾನವನೇತ್ರದ ರೋಗಗಳನ್ನು ಕುರಿತ ಎಸ್ಸೇಸ್ ಆನ್ ದ ಮಾರ್ಬಿಡ್ ಅನಾಟಮಿ ಆಫ್ ದ ಹ್ಯೂಮನ್ ಐ ಎಂಬ ಗ್ರಂಥದ ಮೊದಲ ಸಂಪುಟವು ೧೮೦೮ರಲ್ಲಿಯೂ ಎರಡನೆಯದು ೧೮೧೮ರಲ್ಲಿಯೂ ಪ್ರಕಟವಾದವು. ಅಲ್ಲಿಯವರೆಗೆ ಕಣ್ಣುಬೇನೆ ಎಂಬ ಒಂದೇ ಹೆಸರಿನ ಕೆಳಗೆ ಬರುತ್ತಿದ್ದ ತೊಂದರೆಗಳನ್ನು ಅವರು ಕಣ್ಣಿನ ಯಾವ ಪದರದಲ್ಲಿ ರೋಗವಿದೆ ಎಂಬ ಆಧಾರದ ಮೇಲೆ ವಿಂಗಡಿಸಿದರು.

ಮಕ್ಕಳ ಕಣ್ಣಿನ ಕ್ಯಾನ್ಸರಿನ ಅಧ್ಯಯನ

ಮಕ್ಕಳ ಕಣ್ಣಿನಲ್ಲಿ ಗೆಡ್ಡೆ ಬೆಳೆಯುವುದು ವೈದ್ಯರಿಗೆ ಹೊಸದಾಗಿರಲಿಲ್ಲ. ಹಾಲೆಂಡಿನ ಅಂಗರಚನಾಶಾಸ್ತ್ರಜ್ಞ ಪೀಟರ್ ಪಾವ್ ಮೂರು ವರ್ಷದ ಮಗುವೊಂದರ ಕಣ್ಣಿನ ಗೆಡ್ಡೆಯನ್ನು ೧೫೯೭ರಷ್ಟು ಹಿಂದೆಯೇ ವರ್ಣಿಸಿದ್ದರು. ಆದರೆ ದೇಹದ ಬೇರೆ ಬೇರೆ ಭಾಗಗಳಲ್ಲಿ ಕಾಣುವ ಗೆಡ್ಡೆಗಳನ್ನು ಒಟ್ಟಾಗಿ ನೋಡುವುದು ರೂಢಿಯಾಗಿತ್ತು. ಮೃದುವಾಗಿ, ರಕ್ತಮಯವಾಗಿ, ವೇಗವಾಗಿ ಬೆಳೆಯುವ ಗೆಡ್ಡೆಗಳಿಗೆ ಇಂಗ್ಲೆಂಡಿನ ಲೀಡ್ಸ್ ನಗರದ ಶಸ್ತ್ರವೈದ್ಯ ವಿಲಿಯಂ ಹೇ ೧೮೦೩ರಲ್ಲಿ ಫಂಗಸ್ ಹೆಮಟೋಡಿಸ್ ಎಂಬ ಹೆಸರಿಟ್ಟರು. ಇಲ್ಲಿನ ಫಂಗಸ್ ಎಂಬ ಪದವು ಅಣಬೆಯಂತೆ ಉಬ್ಬಿ ಬರುವ ರೂಪವನ್ನು ಸೂಚಿಸುತ್ತದೆಯೇ ಹೊರತು ಶಿಲೀಂಧ್ರದಿಂದ ಬರುವ ಸೋಂಕನ್ನಲ್ಲ.

ವಾರ್ಡ್ರಾಪ್ ಈ ವಿಷಯವನ್ನು ಕುರಿತು ಬರೆದ ಗ್ರಂಥವು ೧೮೦೯ರಲ್ಲಿ ಎಡಿನ್‌ಬರೋದಿಂದ ಪ್ರಕಟವಾಯಿತು. ಆಗ ಅವರಿಗೆ ಇಪ್ಪತ್ತೇಳು ವರ್ಷ. ತಾವು ಕಂಡ ರೋಗಿಗಳ ಜೊತೆಗೆ ಇತರ ವೈದ್ಯರು ವರದಿ ಮಾಡಿದ ರೋಗಿಗಳ ವೃತ್ತಾಂತಗಳನ್ನೂ ಅವರು ಒಂದೆಡೆ ತಂದರು. ಬದುಕಿದ್ದಾಗ ಕಂಡ ಲಕ್ಷಣಗಳನ್ನು ಮರಣಾನಂತರದ ಪರೀಕ್ಷೆಯಲ್ಲಿ ಕಂಡ ಬದಲಾವಣೆಗಳೊಡನೆ ಹೋಲಿಸಿದರು. ಕಣ್ಣಿನ ಈ ರೋಗವು ಬಹುಪಾಲು ಎಳೆಯ ಮಕ್ಕಳಿಗೇ ಬರುತ್ತದೆಂಬುದು ಅವರ ಗಮನಕ್ಕೆ ಬಂದಿತು. ವಯಸ್ಕರಲ್ಲಿ ಕಾಣುವ ಗಟ್ಟಿಯಾದ ಗೆಡ್ಡೆಗಿಂತ ಇದು ಭಿನ್ನವೆಂದು ಅವರು ತೋರಿಸಿದರು.

ರೋಗದ ನಡೆಯನ್ನು ಅವರು ಹಂತಹಂತವಾಗಿ ವಿವರಿಸಿದರು. ಮೊದಲಿಗೆ ಕಣ್ಣಿನಲ್ಲಿ ನೋವಾಗಲಿ ಕೆಂಪಾಗಲಿ ಇರುವುದಿಲ್ಲ. ಪಾಪೆಯ ಕಪ್ಪು ಮಾಸಿ, ಅದರ ಹಿಂದೆ ಹೊಳೆಯುವ ಏನೋ ಒಂದು ಕಾಣುತ್ತದೆ. ಆ ಕಣ್ಣಿನ ದೃಷ್ಟಿ ಅಷ್ಟರಲ್ಲಿ ಹೋಗಿರುತ್ತದೆ. ಅನಂತರ ಕಣ್ಣುಗುಡ್ಡೆ ಊದಿಕೊಳ್ಳುತ್ತದೆ. ಕೊನೆಗೆ ಗೆಡ್ಡೆಯು ಕಣ್ಣನ್ನು ಸೀಳಿಕೊಂಡು ಹೊರಚಾಚುತ್ತದೆ, ಮಗು ಕ್ಷೀಣಿಸಿ ಸಾಯುತ್ತದೆ. ಕಣ್ಣುಗಳನ್ನು ಕೊಯ್ದು ನೋಡಿದಾಗ ಗೆಡ್ಡೆಯ ಮೂಲ ಅಕ್ಷಿಪಟಲದಲ್ಲಿದೆಯೆಂಬ ನಿರ್ಣಯಕ್ಕೆ ಅವರು ಬಂದರು. ಅಲ್ಲಿಂದ ಅದು ದೃಷ್ಟಿನರದ ಗುಂಟ ಸಾಗಿ ಮೆದುಳನ್ನು ತಲುಪುವುದನ್ನೂ ಕಂಡರು. ಸೂಕ್ಷ್ಮದರ್ಶಕದಿಂದ ಜೀವಕೋಶಗಳನ್ನು ಪರೀಕ್ಷಿಸುವ ಪದ್ಧತಿ ವೈದ್ಯಕೀಯದಲ್ಲಿ ಇನ್ನೂ ನೆಲೆಗೊಳ್ಳದಿದ್ದ ಕಾಲದಲ್ಲಿ, ಬರಿಗಣ್ಣಿನ ಪರೀಕ್ಷೆಯಿಂದ ಅವರು ಪಡೆದ ತಿಳಿವಳಿಕೆ ಇದು.

ಸಲಹೆ ಮತ್ತು ವಿರೋಧ

ಗೆಡ್ಡೆಯು ಕಣ್ಣುಗುಡ್ಡೆಯೊಳಗೆ ಆರಂಭವಾಗಿ ನರದ ದಾರಿಯಲ್ಲಿ ಹೊರಗೆ ಹೋಗುವುದಾದರೆ, ಆ ದಾರಿ ಹಿಡಿಯುವ ಮೊದಲೇ ಕಣ್ಣನ್ನು ತೆಗೆಯಬೇಕು. ವಾರ್ಡ್ರಾಪ್ ಅವರ ತರ್ಕ ಇಷ್ಟು ಸರಳವಾಗಿತ್ತು. ಅದನ್ನು ಆಚರಣೆಗೆ ತರುವುದು ಮಾತ್ರ ಕಠಿನವಾಗಿತ್ತು.

ಇದಕ್ಕೆ ಮೂರು ಕಾರಣಗಳಿದ್ದವು. ಮೊದಲನೆಯದಾಗಿ, ಅಂದಿನವರೆಗೆ ಶಸ್ತ್ರಕ್ರಿಯೆಗೆ ಒಳಗಾಗಿದ್ದ ಮಕ್ಕಳಲ್ಲಿ ಬಹುಪಾಲು ಮಂದಿಗೆ ರೋಗ ಮರುಕಳಿಸಿತ್ತು. ಆದುದರಿಂದ ಕಣ್ಣು ತೆಗೆಯುವುದು ನಿಷ್ಪ್ರಯೋಜಕವೆಂದು ಅನೇಕ ವೈದ್ಯರು ನಂಬಿದ್ದರು. ಅದೇ ವೃತ್ತಾಂತಗಳನ್ನು ವಾರ್ಡ್ರಾಪ್ ಬೇರೆ ರೀತಿಯಲ್ಲಿ ಓದಿದರು: ಆ ಮಕ್ಕಳು ಬಂದದ್ದು ತಡವಾಗಿ, ನರಕ್ಕೆ ರೋಗ ಹರಡಿದ ಮೇಲೆ ಮಾಡಿದ ಶಸ್ತ್ರಕ್ರಿಯೆಯ ಸೋಲನ್ನು ಮುಂಚಿತವಾಗಿ ಮಾಡುವ ಶಸ್ತ್ರಕ್ರಿಯೆಗೆ ಅನ್ವಯಿಸಲಾಗದು. ಎರಡನೆಯದಾಗಿ, ಆರಂಭದ ಹಂತದಲ್ಲಿ ಮಗು ನಗುತ್ತ ಆಡಿಕೊಂಡಿರುತ್ತದೆ. ನೋವಿಲ್ಲದ ಕಣ್ಣನ್ನು ತೆಗೆಸಲು ತಂದೆತಾಯಿಗಳು ಒಪ್ಪುವುದು ಕಷ್ಟ. ಮೂರನೆಯದಾಗಿ, ಅರಿವಳಿಕೆ ಇರಲಿಲ್ಲ. ಎಚ್ಚರವಿರುವ ಮಗುವನ್ನು ಹಿಡಿದುಕೊಂಡು ಕಣ್ಣನ್ನು ತೆಗೆಯಬೇಕಿತ್ತು. ಈಥರ್ ಬಳಕೆಗೆ ಬಂದದ್ದು ೧೮೪೬ರಲ್ಲಿ. ವಾರ್ಡ್ರಾಪ್ ಓದಿದ ಎಡಿನ್‌ಬರೋ ನಗರದಲ್ಲಿಯೇ ಸಿಂಪ್ಸನ್ ಅವರು ಕ್ಲೋರೋಫಾರಂ ಬಳಸಿದ್ದು ೧೮೪೭ರಲ್ಲಿ. ಇವೆರಡೂ ವಾರ್ಡ್ರಾಪ್ ಅವರ ಗ್ರಂಥ ಪ್ರಕಟವಾಗಿ ಮೂವತ್ತೇಳು, ಮೂವತ್ತೆಂಟು ವರ್ಷಗಳ ಮೇಲಿನ ಮಾತು.

ಲಂಡನ್ನಿನಲ್ಲಿ

೧೮೦೯ರ ಹೊತ್ತಿಗೆ ವಾರ್ಡ್ರಾಪ್ ಲಂಡನ್ನಿನಲ್ಲಿ ನೆಲೆಸಿದರು. ೧೮೧೩ರಲ್ಲಿ ಮಾರ್ಗರೆಟ್ ಡಾಲ್‌ರಿಂಪಲ್ ಅವರನ್ನು ವಿವಾಹವಾದರು.

ಹುಟ್ಟಿನಿಂದಲೇ ಕುರುಡೂ ಕಿವುಡೂ ಆಗಿದ್ದ ಜೇಮ್ಸ್ ಮಿಚೆಲ್ ಎಂಬ ಸ್ಕಾಟ್ಲೆಂಡಿನ ಹುಡುಗನಿಗೆ ಅವರು ಕಣ್ಣಿನ ಪೊರೆಯ ಶಸ್ತ್ರಕ್ರಿಯೆ ಮಾಡಿದರು. ಆ ಹುಡುಗನ ಜೀವನವೃತ್ತಾಂತವನ್ನು ೧೮೧೩ರಲ್ಲಿ ಪ್ರಕಟಿಸಿದರು. ಹುಟ್ಟುಕುರುಡಿಯಾಗಿದ್ದ ಮಹಿಳೆಯೊಬ್ಬರಿಗೆ ೪೬ನೆಯ ವಯಸ್ಸಿನಲ್ಲಿ ಕೃತಕ ಪಾಪೆಯನ್ನು ರಚಿಸಿ ದೃಷ್ಟಿ ಬರಿಸಿದ ಸಂಗತಿಯನ್ನು ೧೮೨೬ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವರದಿ ಮಾಡಿದರು. ಹೊಸದಾಗಿ ಕಣ್ಣು ಬಂದವರು ರೂಪ, ದೂರ, ಬಣ್ಣಗಳನ್ನು ಹೇಗೆ ಗುರುತಿಸಲು ಕಲಿಯುತ್ತಾರೆಂಬ ಪ್ರಶ್ನೆಗೆ ಈ ಬರಹಗಳು ತತ್ತ್ವಜ್ಞಾನಿಗಳ ಗಮನವನ್ನೂ ಸೆಳೆದವು. ೧೮೧೯ರಲ್ಲಿ ಕುದುರೆಯ ಕಣ್ಣಿನ ರೋಗಗಳನ್ನು ಕುರಿತ ಪ್ರಬಂಧ ಬರೆದರು.

ಅಪಧಮನಿಯ ಉಬ್ಬಿಗೆ (ಅನ್ಯೂರಿಸಂ) ಅದರ ಆಚೆಯ ಬದಿಯಲ್ಲಿ ಕಟ್ಟು ಹಾಕುವ ಶಸ್ತ್ರಕ್ರಿಯೆಯನ್ನು ಅವರು ೧೮೨೫ರಲ್ಲಿ ಯಶಸ್ವಿಯಾಗಿ ನಡೆಸಿದರು. ಅದು ವಾರ್ಡ್ರಾಪ್ ವಿಧಾನವೆಂದು ಹೆಸರಾಯಿತು. ೧೮೨೬ರಲ್ಲಿ ಲಂಡನ್ನಿನ ಎಡ್ಜ್‌ವೇರ್ ರಸ್ತೆಯ ಬಳಿ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆಯೊಂದನ್ನು ತೆರೆದು ಬಡವರಿಗೆ ಉಚಿತ ಚಿಕಿತ್ಸೆ ನೀಡಿದರು. ಇತರ ವೈದ್ಯರು ಬಂದು ಶಸ್ತ್ರಕ್ರಿಯೆಗಳನ್ನು ನೋಡಲು ಅಲ್ಲಿ ಅವಕಾಶವಿತ್ತು. ದೊಡ್ಡ ಆಸ್ಪತ್ರೆಗಳ ಹುದ್ದೆಗಳು ಬಂಧುಬಳಗಕ್ಕೆ ಮೀಸಲಾಗಿದ್ದ ಕಾಲದಲ್ಲಿ ಈ ತೆರೆದ ಬಾಗಿಲಿಗೆ ವಿಶೇಷ ಮಹತ್ತ್ವವಿತ್ತು. ಸುಮಾರು ಹತ್ತು ವರ್ಷ ನಡೆದ ಮೇಲೆ ಆ ಆಸ್ಪತ್ರೆ ಮುಚ್ಚಿತು.

೧೮೧೮ರಲ್ಲಿ ಅವರು ರಾಜಪ್ರತಿನಿಧಿಯ ಶಸ್ತ್ರವೈದ್ಯರಲ್ಲಿ ಒಬ್ಬರಾಗಿ ನೇಮಕಗೊಂಡರು. ಆ ರಾಜಪ್ರತಿನಿಧಿಯೇ ಮುಂದೆ ನಾಲ್ಕನೆಯ ಜಾರ್ಜ್ ದೊರೆಯಾದಾಗ ಅರಮನೆಯ ಸೇವೆ ಮುಂದುವರಿಯಿತು. ವಂಶಪಾರಂಪರ್ಯವಾದ ಬ್ಯಾರೊನೆಟ್ ಪದವಿ ಒದಗಿ ಬಂದಾಗ ಅದನ್ನು ನಿರಾಕರಿಸಿದರು. ವೈದ್ಯಕೀಯ ಸುಧಾರಣೆಯ ಪತ್ರಿಕೆ ದ ಲ್ಯಾನ್ಸೆಟ್‌ನ ಸ್ಥಾಪಕ ಥಾಮಸ್ ವೇಕ್ಲಿ ಅವರ ಸ್ನೇಹಿತರಾಗಿದ್ದ ವಾರ್ಡ್ರಾಪ್, ೧೮೩೪ರಲ್ಲಿ ಆ ಪತ್ರಿಕೆಯಲ್ಲಿ ಒಂದು ವಿಡಂಬನ ಮಾಲೆಯನ್ನು ಬರೆದರು. ಲಂಡನ್ನಿನ ಪ್ರತಿಷ್ಠಿತ ವೈದ್ಯರು ತಮ್ಮತಮ್ಮಲ್ಲಿ ಬರೆದುಕೊಂಡ ಗುಟ್ಟಿನ ಪತ್ರಗಳು ಕೈಗೆ ಸಿಕ್ಕಿದಂತೆ ರಚಿಸಿದ ಈ ಬರಹಗಳು ವೃತ್ತಿಬಾಂಧವರ ಕೋಪಕ್ಕೆ ಕಾರಣವಾದವು.

ಹೃದಯರೋಗಗಳ ಬಗ್ಗೆಯೂ ಗ್ರಂಥ ಬರೆದ ವಾರ್ಡ್ರಾಪ್, ೧೮೬೯ರ ಫೆಬ್ರವರಿ ೧೩ರಂದು ಲಂಡನ್ನಿನ ತಮ್ಮ ಮನೆಯಲ್ಲಿ ನಿಧನರಾದರು. ಆಗ ಅವರಿಗೆ ೮೬ ವರ್ಷ.

ವಾರ್ಡ್ರಾಪ್ ನಂತರದ ಬೆಳವಣಿಗೆಗಳು

ವಾರ್ಡ್ರಾಪ್ ಅವರ ದೀರ್ಘ ಜೀವಿತಾವಧಿಯಲ್ಲಿಯೇ ಅವರ ಸಲಹೆಯನ್ನು ಆಚರಣೆಗೆ ತರಬಲ್ಲ ಸಾಧನಗಳು ಒಂದೊಂದಾಗಿ ಬಂದವು. ೧೮೪೬–೪೭ರಲ್ಲಿ ಅರಿವಳಿಕೆ ಬಂದಿತು. ೧೮೫೧ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಣ್ಣಿನ ಒಳಭಾಗವನ್ನು ನೋಡುವ ಆಫ್ತಾಲ್ಮೋಸ್ಕೋಪ್ ಉಪಕರಣವನ್ನು ಪರಿಚಯಿಸಿದರು. ಗೆಡ್ಡೆಯನ್ನು ಚಿಕ್ಕದಿರುವಾಗಲೇ ಕಾಣುವುದು ಸಾಧ್ಯವಾಯಿತು. ಕಣ್ಣಿನ ಜೊತೆಗೆ ದೃಷ್ಟಿನರದ ಉದ್ದನೆಯ ತುಂಡನ್ನೂ ಕತ್ತರಿಸಿ ತೆಗೆಯಬೇಕೆಂದು ಬರ್ಲಿನ್ನಿನ ಆಲ್‌ಬ್ರೆಕ್ಟ್ ಫಾನ್ ಗ್ರೇಫೆ ಬೋಧಿಸಿದರು. ರೋಗವು ನರದ ಗುಂಟ ಹರಡುತ್ತದೆಂಬ ವಾರ್ಡ್ರಾಪ್ ಅವರ ಕಾಣ್ಕೆಗೆ ಇದು ತಕ್ಕ ಉತ್ತರವಾಗಿತ್ತು.

೧೮೬೪ರಲ್ಲಿ ರುಡಾಲ್ಫ್ ವಿರ್ಚೋ ಈ ಗೆಡ್ಡೆಯನ್ನು ಅಕ್ಷಿಪಟಲದ ಗ್ಲಿಯೋಮಾ ಎಂದು ಕರೆದರು. ಇದು ಬೆಳೆಯುತ್ತಿರುವ ಅಕ್ಷಿಪಟಲದ ಎಳೆಯ ಕೋಶಗಳಿಂದ ಹುಟ್ಟುತ್ತದೆಂಬ ಅಭಿಪ್ರಾಯಕ್ಕೆ ಮುಂದೆ ಬಲ ಬಂದು, ವರ್ಹೋಫ್ ಸೂಚಿಸಿದ ರೆಟಿನೋಬ್ಲಾಸ್ಟೋಮಾ ಎಂಬ ಹೆಸರನ್ನು ಅಮೆರಿಕದ ನೇತ್ರವೈದ್ಯರ ಸಂಘವು ೧೯೨೬ರಲ್ಲಿ ಅಂಗೀಕರಿಸಿತು. ೧೯೭೧ರಲ್ಲಿ ಆಲ್‌ಫ್ರೆಡ್ ನಡ್ಸನ್ ಇದೇ ರೋಗದ ಅಧ್ಯಯನದಿಂದ, ಜೀವಕೋಶದಲ್ಲಿ ಎರಡು ಬಾರಿ ಹಾನಿಯಾದಾಗ ಮಾತ್ರ ಗೆಡ್ಡೆ ಹುಟ್ಟುತ್ತದೆಂಬ ಸಿದ್ಧಾಂತವನ್ನು ಮಂಡಿಸಿದರು. ೧೩ನೆಯ ವರ್ಣತಂತುವಿನಲ್ಲಿರುವ ಸಂಬಂಧಪಟ್ಟ ಜೀನನ್ನು ೧೯೮೬ರಲ್ಲಿ ಪ್ರತ್ಯೇಕಿಸಲಾಯಿತು. ಕ್ಯಾನ್ಸರನ್ನು ತಡೆಯುವ ಜೀನುಗಳ ಪೈಕಿ ಮೊದಲು ಪತ್ತೆಯಾದದ್ದು ಇದೇ.

ಇಂದಿನ ತಿಳಿವಳಿಕೆಯಂತೆ ಸುಮಾರು ೧೫,೦೦೦ದಿಂದ ೨೦,೦೦೦ ಜನನಗಳಲ್ಲಿ ಒಂದು ಮಗುವಿಗೆ ಈ ರೋಗ ಬರುತ್ತದೆ. ಹೆಚ್ಚಿನವು ಐದು ವರ್ಷದೊಳಗೇ ಪತ್ತೆಯಾಗುತ್ತವೆ. ಎರಡೂ ಕಣ್ಣುಗಳಲ್ಲಿ ಗೆಡ್ಡೆಯಿದ್ದರೆ ಅದು ಆನುವಂಶಿಕ ಬಗೆಯದು. ಅಂಥ ಮಗುವಿನ ಒಡಹುಟ್ಟಿದವರ ಕಣ್ಣುಗಳನ್ನೂ ಪರೀಕ್ಷಿಸಬೇಕಾಗುತ್ತದೆ. ಔಷಧಚಿಕಿತ್ಸೆ (ಕೀಮೋಥೆರಪಿ), ಲೇಸರ್, ಅತಿಶೀತ ಚಿಕಿತ್ಸೆ ಮತ್ತು ವಿಕಿರಣದಿಂದ ಅನೇಕ ಮಕ್ಕಳಲ್ಲಿ ಕಣ್ಣನ್ನೇ ಉಳಿಸಿಕೊಳ್ಳಬಹುದು. ಗೆಡ್ಡೆ ಬಹಳ ಬೆಳೆದಿದ್ದರೆ ವಾರ್ಡ್ರಾಪ್ ಹೇಳಿದ ಮಾರ್ಗವೇ ಇಂದಿಗೂ ಪ್ರಾಣ ಉಳಿಸುವ ಮಾರ್ಗ. ಸಕಾಲದಲ್ಲಿ ಪತ್ತೆಯಾಗುವ ಶ್ರೀಮಂತ ದೇಶಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಕ್ಕಳು ಬದುಕುಳಿಯುತ್ತಾರೆ. ತಡವಾಗಿ ಪತ್ತೆಯಾಗುವ ಕಡೆಗಳಲ್ಲಿ ಈ ಪ್ರಮಾಣ ಬಹಳ ಕಡಿಮೆ.

ಕಣ್ಣಿನ ಬಣ್ಣ ಮತ್ತು ಪಾಪೆಯ ಬಿಳುಪು

ಬೇರ್ ಬಳಸಿದ ಬೆಕ್ಕಿನ ಕಣ್ಣು ಎಂಬ ಹೋಲಿಕೆ ಕನ್ನಡದಲ್ಲಿಯೂ ಇದೆ. ಆದರೆ ಕನ್ನಡದಲ್ಲಿ ಬೆಕ್ಕಿನ ಕಣ್ಣು ಎಂದರೆ ಸಾಮಾನ್ಯವಾಗಿ ಬೂದು, ಹಸಿರು ಅಥವಾ ತೆಳುಗಂದು ಬಣ್ಣದ ಕಣ್ಣು. ಇವೆರಡನ್ನೂ ಬೆರೆಸಬಾರದು. ಕಣ್ಣಿಗೆ ಬಣ್ಣ ಬರುವುದು ಪಾಪೆಯ ಸುತ್ತಲಿನ ವರ್ಣಪಟಲದಲ್ಲಿರುವ (ಐರಿಸ್) ಮೆಲನಿನ್ ಎಂಬ ವರ್ಣದ್ರವ್ಯದಿಂದ. ಅದು ಕಡಿಮೆಯಿದ್ದರೆ ಕಣ್ಣು ತೆಳುಬಣ್ಣದ್ದಾಗಿ ಕಾಣುತ್ತದೆ. ಹುಟ್ಟಿನಿಂದ ಹಾಗಿರುವುದು ಬಹುಮಟ್ಟಿಗೆ ನಿರಪಾಯಕರ. ಎರಡು ಕಣ್ಣುಗಳ ಬಣ್ಣ ಬೇರೆಬೇರೆಯಾಗಿರುವುದಕ್ಕೆ ಹೆಟೆರೋಕ್ರೋಮಿಯಾ ಎನ್ನುತ್ತಾರೆ. ಇದೂ ಅನೇಕರಲ್ಲಿ ಕೇವಲ ಹುಟ್ಟುಗುಣ. ಆದರೆ ಕಡುನೀಲಿ ಕಣ್ಣು, ಹಣೆಯ ಮೇಲೆ ಬಿಳಿಕೂದಲು ಮತ್ತು ಕಿವುಡುತನ ಜೊತೆಯಾಗಿ ಕಾಣುವ ಆನುವಂಶಿಕ ಸ್ಥಿತಿಯೊಂದನ್ನು ಹಾಲೆಂಡಿನ ನೇತ್ರವೈದ್ಯ ವಾರ್ಡನ್‌ಬರ್ಗ್ ೧೯೫೧ರಲ್ಲಿ ವಿವರಿಸಿದ್ದಾರೆ. ಆದುದರಿಂದ ನೀಲಿಗಣ್ಣಿನ ಕೂಸಿನ ಶ್ರವಣಶಕ್ತಿಯನ್ನು ಪರೀಕ್ಷಿಸುವುದು ಒಳ್ಳೆಯದು.

ವಾರ್ಡ್ರಾಪ್ ವರ್ಣಿಸಿದ ಅಪಾಯದ ಗುರುತು ಇದಲ್ಲ. ಅದು ವರ್ಣಪಟಲದ ನಡುವಿನ ಕಪ್ಪು ಪಾಪೆ ಬೆಳ್ಳಗೆ ಹೊಳೆಯುವುದು. ಮಂದ ಬೆಳಕಿನಲ್ಲಿ, ಅಥವಾ ಫ್ಲ್ಯಾಶ್ ಬಳಸಿ ತೆಗೆದ ಛಾಯಾಚಿತ್ರದಲ್ಲಿ ಇದು ಹೆಚ್ಚಾಗಿ ಕಣ್ಣಿಗೆ ಬೀಳುತ್ತದೆ: ಒಂದು ಪಾಪೆ ಎಂದಿನಂತೆ ಕೆಂಪಾಗಿಯೂ ಇನ್ನೊಂದು ಬಿಳಿಯಾಗಿಯೂ ಮೂಡುತ್ತದೆ. ಹೊಸದಾಗಿ ಕಾಣಿಸಿಕೊಂಡ ಮೆಳ್ಳೆಗಣ್ಣು ಎರಡನೆಯ ಸಾಮಾನ್ಯ ಲಕ್ಷಣ. ಹುಟ್ಟಿದ ಮೇಲೆ ಒಂದೇ ಕಣ್ಣಿನ ಬಣ್ಣ ಬದಲಾಗುವುದನ್ನೂ ಕಡೆಗಣಿಸಬಾರದು, ಏಕೆಂದರೆ ಒಳಗಿನ ಗೆಡ್ಡೆಯ ಪರಿಣಾಮವಾಗಿ ವರ್ಣಪಟಲದ ಮೇಲೆ ಹೊಸ ರಕ್ತನಾಳಗಳು ಬೆಳೆದು ಬಣ್ಣ ಮಾರ್ಪಡಬಹುದು. ಬಿಳಿ ಪಾಪೆಯೆಲ್ಲವೂ ಕ್ಯಾನ್ಸರಲ್ಲ. ಹುಟ್ಟುಪೊರೆಯಿಂದಲೂ ಇತರ ರೋಗಗಳಿಂದಲೂ, ಕೆಲವೊಮ್ಮೆ ಚಿತ್ರ ತೆಗೆದ ಕೋನದಿಂದಲೂ ಹಾಗೆ ಕಾಣಬಹುದು. ಯಾವುದೆಂದು ನಿರ್ಣಯಿಸಬೇಕಾದವರು ನೇತ್ರತಜ್ಞರು. ಪಾಪೆಗೆ ಔಷಧ ಹಾಕಿ ಹಿಗ್ಗಿಸಿ ಒಳಗೆ ನೋಡದೆ ಅದನ್ನು ಹೇಳಲಾಗದು.

ಕರ್ನಾಟಕದಲ್ಲಿ ಚಿಕಿತ್ಸೆಯ ಅವಕಾಶ

ವಾರ್ಡ್ರಾಪ್ ಎದುರಿಸಿದ ಮೂರು ಅಡ್ಡಿಗಳಲ್ಲಿ ಅರಿವಳಿಕೆಯ ಅಭಾವ ನೀಗಿದೆ. ಚಿಕಿತ್ಸೆಯ ಫಲದ ಬಗೆಗಿನ ಸಂಶಯವೂ ಕರಗಿದೆ. ನೋವಿಲ್ಲದಿರುವುದರಿಂದ ತಡಮಾಡುವುದೊಂದು ಉಳಿದಿದೆ. ಕರ್ನಾಟಕದಲ್ಲಿ ಚಿಕಿತ್ಸೆಯ ಸೌಕರ್ಯ ಮುಖ್ಯವಾಗಿ ಬೆಂಗಳೂರಿನಲ್ಲಿದೆ. ೧೮೯೬ರಲ್ಲಿ ಆರಂಭವಾದ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆ, ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ಹಾಗೂ ನಾರಾಯಣ ನೇತ್ರಾಲಯ ಇವುಗಳಲ್ಲಿ ಹೆಸರಿಸತಕ್ಕವು.

ಕನಕಪುರ ರಸ್ತೆಯ ಹಾರೋಹಳ್ಳಿ ಕೈಗಾರಿಕಾ ಪ್ರದೇಶದಂತಹ ಸ್ಥಳಗಳಲ್ಲಿ ಈ ತಿಳಿವಳಿಕೆಯ ಅಗತ್ಯ ಹೆಚ್ಚು. ಬೇರೆ ಊರುಗಳಿಂದ ಬಂದು ಕಾರ್ಖಾನೆಗಳಲ್ಲಿ ದುಡಿಯುವ ದಂಪತಿಗಳಿಗೆ ಮಗುವಿನ ಕಣ್ಣನ್ನು ಗಮನಿಸಿ ಹೇಳುವ ಹಿರಿಯರು ಮನೆಯಲ್ಲಿರುವುದಿಲ್ಲ. ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗುವುದೂ ಸುಲಭವಲ್ಲ. ಹಾರೋಹಳ್ಳಿಯ ಸಮೀಪ ದೇವರಕಗ್ಗಲಹಳ್ಳಿಯಲ್ಲಿ ವೈದ್ಯಕೀಯ ಕಾಲೇಜೊಂದರ ಆಸ್ಪತ್ರೆ ಇದೆ. ಬೆಂಗಳೂರಿಗೆ ಬಸ್ಸಿನ ಸೌಕರ್ಯವಿದೆ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಆರೋಗ್ಯ ತಂಡಗಳು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಆದರೆ ಈ ರೋಗವು ಬಹಳ ಸಲ ಅಂಗನವಾಡಿಗೆ ಸೇರುವ ವಯಸ್ಸಿಗೂ ಮೊದಲೇ ಆರಂಭವಾಗುವುದರಿಂದ, ಬಿಳಿ ಹೊಳಪನ್ನು ಮೊದಲು ಕಾಣುವವರು ಹೆಚ್ಚಾಗಿ ತಾಯಿತಂದೆಗಳೇ. ಹಾಗೆ ಕಂಡಾಗ ಲಸಿಕೆಯ ದಿನಕ್ಕಾಗಲಿ, ಮಗು ದೊಡ್ಡದಾಗಲೆಂದಾಗಲಿ ಕಾಯದೆ, ಕೆಲವೇ ದಿನಗಳೊಳಗೆ ಕಣ್ಣಿನ ವೈದ್ಯರಿಗೆ ತೋರಿಸಬೇಕು.